ನುಂಗಿದ ತಪ್ಪು

ಗಣಕಯಂತ್ರದ ಪ್ರೋಗ್ರಾಂ ಒಮ್ಮೊಮ್ಮೆ ತಪ್ಪುವುದುಂಟು; ಇದು ಸರ್ವವಿದಿತ. ತಪ್ಪಿದಾಗ ಅದು ನಿಂತುಬಿಡುತ್ತದೆ, ಪರದೆಯ ಮೇಲೆ ಅರ್ಥವಾಗದ ವಾಕ್ಯವೊಂದು ಮೂಡುತ್ತದೆ, ನಾವು ಬೇಸರಪಟ್ಟು ಇನ್ನೊಮ್ಮೆ ಗುಂಡಿಯೊತ್ತುತ್ತೇವೆ. ಇಷ್ಟಾದರೆ ಹೆಚ್ಚಿನ ಹಾನಿಯೇನೂ ಇಲ್ಲ. ಆದರೆ ಇನ್ನೊಂದು ಬಗೆಯ ತಪ್ಪುಂಟು. ಅದು ಘಟಿಸಿದಾಗ ಪ್ರೋಗ್ರಾಂ ನಿಲ್ಲುವುದಿಲ್ಲ, ದೂರುವ ವಾಕ್ಯವೂ ಮೂಡುವುದಿಲ್ಲ. ಮೇಲಾಗಿ, ಕೆಲಸ ಸಾಂಗವಾಗಿ ನೆರವೇರಿತೆಂಬ ಭರವಸೆಯೇ ನಮಗೆ ಸಿಕ್ಕಿಬಿಡುತ್ತದೆ. ಜಾಲತಾಣಗಳ ಮೂಲಕ ಅರ್ಜಿ, ಶುಲ್ಕ, ಅಂಕಪಟ್ಟಿ ಎಲ್ಲವೂ ನಡೆಯುತ್ತಿರುವ ಈ ಕಾಲದಲ್ಲಿ ಇಂಥ ತಪ್ಪಿನ ಪರಿಚಯ ಗಣಕ ಓದುವವರಿಗಷ್ಟೇ ಅಲ್ಲದೆ ಕಲಾ ವಿಭಾಗದ ವಿದ್ಯಾರ್ಥಿ ಮಿತ್ರರಿಗೂ ಬೇಕು. ಆ ತಪ್ಪು ಹೇಗೆ ಹುಟ್ಟುತ್ತದೆ, ಅದನ್ನು ಹೇಗೆ ಹುಡುಕಿ ತೆಗೆಯಬೇಕು ಎಂಬುದನ್ನು ಈ ಲೇಖನದಲ್ಲಿ ವಿವರಿಸಲು ಯತ್ನಿಸಲಾಗಿದೆ.

ನಮ್ಮ ಕಡೆಯವರಿಗೆ ಮಗ್ಗ ಹೊಸದಲ್ಲವಷ್ಟೆ. ಇಳಕಲ್ಲಿನ ಕುಣಿಮಗ್ಗದಲ್ಲಿ ಕುಳಿತ ನೇಕಾರನಿಗೆ ಹಾಸಿನ ಒಂದು ಎಳೆ ಹರಿದರೆ ಕಣ್ಣಿಗೋ ಕೈಗೋ ಕೂಡಲೇ ತಿಳಿಯುತ್ತದೆ. ಅವನು ಲಾಳಿಯನ್ನು ನಿಲ್ಲಿಸಿ, ಎಳೆಯನ್ನು ಹುಡುಕಿ, ಗಂಟುಹಾಕಿ ಮುಂದುವರಿಯುತ್ತಾನೆ. ಒಡಲಿನ ಹಾಸಿಗೂ ಸೆರಗಿನ ಹಾಸಿಗೂ ಎಳೆಗೆಳೆ ಕೊಂಡಿ ಹಾಕಿ ಜೋಡಿಸುವ ಆ ಸೀರೆಯಲ್ಲಿ ಇಷ್ಟು ಎಚ್ಚರವಿಲ್ಲದೆ ನಡೆಯದು. ವಿದ್ಯುತ್ ಮಗ್ಗದ ಮಾತು ಬೇರೆ. ಒಬ್ಬನೇ ಕೆಲಸಗಾರ ಹಲವು ಮಗ್ಗಗಳನ್ನು ನೋಡಿಕೊಳ್ಳಬೇಕಾಗುತ್ತದೆ. ಪ್ರತಿ ಎಳೆಯ ಮೇಲೂ ಅವನ ಕಣ್ಣಿರುವುದು ಅಶಕ್ಯ. ಇದಕ್ಕೆಂದೇ ಹಾಸಿನ ಪ್ರತಿಯೊಂದು ಎಳೆಗೂ ತೆಳುವಾದ ಒಂದು ಲೋಹದ ಪಟ್ಟಿಯನ್ನು ತೂಗುಹಾಕುವ ಪದ್ಧತಿಯುಂಟು. ಎಳೆ ಬಿಗಿಯಾಗಿರುವವರೆಗೆ ಪಟ್ಟಿ ಮೇಲೆ ನಿಂತಿರುತ್ತದೆ. ಎಳೆ ಹರಿದೊಡನೆ ಪಟ್ಟಿ ಕೆಳಗೆ ಬೀಳುತ್ತದೆ, ಮಗ್ಗ ನಿಲ್ಲುತ್ತದೆ. ಜಪಾನಿನ ಸಕಿಚಿ ಟೊಯೊಡಾ 1924ರಲ್ಲಿ ಪೂರ್ಣಗೊಳಿಸಿದ ಸ್ವಯಂಚಾಲಿತ ಮಗ್ಗದ ಒಂದು ಹಿರಿಮೆ ಇದೇ ಆಗಿತ್ತು. ಇಂಗ್ಲೆಂಡಿನ ಪ್ಲಾಟ್ ಸಹೋದರರ ಕಂಪನಿ 1929ರಲ್ಲಿ ಅದರ ಹಕ್ಕನ್ನು ಹಣಕೊಟ್ಟು ಕೊಂಡಿತು. ನೇಯ್ಗೆಯ ಯಂತ್ರಗಳನ್ನು ಲೋಕಕ್ಕೆಲ್ಲ ಮಾರಿದ ದೇಶವು ಮಗ್ಗವನ್ನು ನಿಲ್ಲಿಸುವ ಉಪಾಯವನ್ನು ಹೊರಗಿನಿಂದ ತರಿಸಿಕೊಂಡಿತೆಂಬುದು ಸ್ವಾರಸ್ಯವಾದ ಸಂಗತಿ.

ಈಗ ಒಬ್ಬ ಮೇಲ್ವಿಚಾರಕನಿಗೆ ಮಗ್ಗ ಪದೇಪದೇ ನಿಲ್ಲುವುದು ಸರಿಬರಲಿಲ್ಲವೆನ್ನೋಣ. ಆತ ಪಟ್ಟಿಗಳು ಬೀಳದಂತೆ ಕೆಳಗೆ ಒಂದು ಚೂರು ಕಟ್ಟಿಗೆಯನ್ನು ಒತ್ತಿಟ್ಟರೆ ಮಗ್ಗ ದಿನವೆಲ್ಲ ಸದ್ದುಮಾಡುತ್ತ ಓಡುತ್ತದೆ, ಗಜಗಟ್ಟಲೆ ಬಟ್ಟೆ ಸುತ್ತಿಕೊಳ್ಳುತ್ತದೆ. ಸಂಜೆ ಬಿಚ್ಚಿ ನೋಡಿದರೆ ಹರಿದ ಎಳೆಯ ಜಾಗದಲ್ಲಿ ಬಟ್ಟೆಯುದ್ದಕ್ಕೂ ಒಂದು ಗೆರೆ. ಜಾಲತಾಣದ ಪ್ರೋಗ್ರಾಮಿನಲ್ಲಿ ತಪ್ಪನ್ನು ನುಂಗುವುದೆಂದರೆ ಈ ಕಟ್ಟಿಗೆಯ ಚೂರನ್ನು ಇಡುವುದು.

ಶಾಸ್ತ್ರದ ಭಾಷೆಯಲ್ಲಿ ಆ ಬೀಳುವ ಪಟ್ಟಿಗೆ ಎಕ್ಸೆಪ್ಶನ್ ಎನ್ನುತ್ತಾರೆ. ಪ್ರೋಗ್ರಾಮಿನ ಒಂದು ಭಾಗ ತನಗೆ ಒಪ್ಪಿಸಿದ ಕೆಲಸವನ್ನು ಮಾಡಲಾರದೆ ಹೋದಾಗ, ಕಾರಣವನ್ನು ಬರೆದ ಒಂದು ಚೀಟಿಯನ್ನು ಮೇಲಕ್ಕೆ ಎಸೆಯುತ್ತದೆ. ತನಗೆ ಕೆಲಸ ಹೇಳಿದ ಭಾಗ ಆ ಚೀಟಿಯನ್ನು ಹಿಡಿದರೆ ಹಿಡಿಯಿತು. ಇಲ್ಲವಾದರೆ ಅದು ಇನ್ನೂ ಮೇಲಕ್ಕೆ ಹೋಗುತ್ತದೆ. ಯಾರೂ ಹಿಡಿಯದಿದ್ದರೆ ಸಾಮಾನ್ಯವಾಗಿ ಆ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಹಿಡಿಯುವ ಜಾಗಕ್ಕೆ ಜಾವಾ ಮೊದಲಾದ ಭಾಷೆಗಳಲ್ಲಿ ಕ್ಯಾಚ್ ಎಂದೂ, ಪೈಥಾನ್ ಭಾಷೆಯಲ್ಲಿ ಎಕ್ಸೆಪ್ಟ್ ಎಂದೂ ಹೆಸರು. ಕನ್ನಡದಲ್ಲಿ ಎಕ್ಸೆಪ್ಶನ್ನಿಗೆ ವ್ಯಾಕರಣದ 'ಅಪವಾದ' ಎಂಬ ಶಬ್ದವನ್ನು ಬಳಸಬಹುದು. ಸಾಮಾನ್ಯ ವಿಧಿಗೆ ಹೊರತಾದುದು ಅಪವಾದವಷ್ಟೆ. ಆದರೆ ಆಡುಮಾತಿನಲ್ಲಿ ಅಪವಾದವೆಂದರೆ ಹೊರಿಸಿದ ದೂರು. ಈ ಎರಡು ಅರ್ಥಗಳು ಒಂದೇ ಶಬ್ದದಲ್ಲಿ ಸೇರಿದ್ದು ನಮ್ಮ ವಿಷಯಕ್ಕೆ ಅನುಕೂಲವೇ ಆಯಿತು. ಪ್ರೋಗ್ರಾಂ ಬರೆದವನು ಮೊದಲನೆಯ ಅಪವಾದವನ್ನು ನುಂಗುವುದು ಬಹುಮಟ್ಟಿಗೆ ಎರಡನೆಯ ಅಪವಾದದ ಭಯದಿಂದ.

ತಪ್ಪನ್ನು ಹೀಗೆ ವಿಧಿವತ್ತಾಗಿ ಮೇಲಕ್ಕೆ ಕಳಿಸುವ ಏರ್ಪಾಡು ಭಾಷೆಗಳಲ್ಲಿ ಒಮ್ಮೆಗೇ ಬಂದುದಲ್ಲ. 1960ರ ದಶಕದ ಪಿಎಲ್-1 ಭಾಷೆಯಲ್ಲಿ ಅದರ ಒಂದು ರೂಪವಿತ್ತು. 1970ರ ದಶಕದಲ್ಲಿ ಬಾರ್ಬರಾ ಲಿಸ್ಕೋವ್ ಅವರ ನೇತೃತ್ವದಲ್ಲಿ ಸಿದ್ಧವಾದ ಕ್ಲೂ ಎಂಬ ಭಾಷೆಯಲ್ಲಿ ಅದು ಇನ್ನಷ್ಟು ಶಿಸ್ತು ಪಡೆಯಿತು. 1995ರಲ್ಲಿ ಬಂದ ಜಾವಾ ಒಂದು ಕಟ್ಟುನಿಟ್ಟನ್ನು ತಂದಿತು. ಕೆಲವು ಬಗೆಯ ಅಪವಾದಗಳನ್ನು ಹಿಡಿಯಬೇಕು, ಇಲ್ಲವೇ ಮೇಲಕ್ಕೆ ಬಿಡುವೆನೆಂದು ಬರೆದುಕೊಡಬೇಕು. ಎರಡನ್ನೂ ಮಾಡದಿದ್ದರೆ ಪ್ರೋಗ್ರಾಂ ಸಿದ್ಧವಾಗುವುದೇ ಇಲ್ಲ. ಉದ್ದೇಶ ಒಳ್ಳೆಯದೇ. ಪರಿಣಾಮವಾಗಿ ಅವಸರದಲ್ಲಿದ್ದವರು ಕ್ಯಾಚ್ ಎಂದು ಬರೆದು ಒಳಗೆ ಏನನ್ನೂ ಬರೆಯದೆ ಬಿಡುವ ರೂಢಿಯೂ ಬೆಳೆಯಿತು. ಹಳೆಯ ವಿಷುಯಲ್ ಬೇಸಿಕ್ ಭಾಷೆಯಲ್ಲಂತೂ ತಪ್ಪಾದರೆ ಲೆಕ್ಕಿಸದೆ ಮುಂದಿನ ಸಾಲಿಗೆ ಹೋಗೆಂದು ಹೇಳಲು ಒಂದು ಆಜ್ಞೆಯೇ ಇದ್ದಿತು.

ಇನ್ನು ಪಾಠದ ಮುಖ್ಯ ಭಾಗಕ್ಕೆ ಬರೋಣ. ಒಂದು ಕಾಲೇಜು ಜಾಲತಾಣದ ಮೂಲಕ ವಿದ್ಯಾರ್ಥಿವೇತನದ ಅರ್ಜಿ ಕರೆಯಿತೆಂದು ಕಲ್ಪಿಸಿಕೊಳ್ಳೋಣ. ಕಲ್ಪಿತವಾದರೂ ಇದರೊಳಗಿನ ಲೆಕ್ಕವೆಲ್ಲ ನಿಜವಾದುದೇ. ಅರ್ಜಿಯಲ್ಲಿ ವಿದ್ಯಾರ್ಥಿ ತನ್ನ ತಾಲೂಕಿನ ಹೆಸರನ್ನು ತಾನೇ ಬರೆಯಬೇಕು. ಪ್ರೋಗ್ರಾಮಿನ ಆ ಭಾಗವನ್ನು ಕನ್ನಡಿಸಿದರೆ ಹೀಗಿರುತ್ತದೆ:

ಪ್ರಯತ್ನಿಸು: ಅರ್ಜಿಯನ್ನು ಡೇಟಾಬೇಸಿನಲ್ಲಿ ಬರೆ.
ತಪ್ಪಾದರೆ:
ತೋರಿಸು: 'ನಿಮ್ಮ ಅರ್ಜಿ ಸ್ವೀಕೃತವಾಗಿದೆ.'

ಎರಡನೆಯ ಸಾಲಿನ ಮುಂದೆ ಏನೂ ಇಲ್ಲದಿರುವುದನ್ನು ವಾಚಕರು ಗಮನಿಸಬೇಕು. ಮೂರನೆಯ ಸಾಲು ಮೊದಲನೆಯದರ ಫಲವನ್ನು ಕೇಳುವುದೇ ಇಲ್ಲ. ಅರ್ಜಿ ದಾಖಲಾದರೂ ಆಗದಿದ್ದರೂ ವಿದ್ಯಾರ್ಥಿಗೆ ಒಂದೇ ಉತ್ತರ.

ಕೆಲವು ವಾರಗಳ ತರುವಾಯ ಪಟ್ಟಿ ಹೊರಬಿದ್ದಾಗ ಕೆಲವರ ಹೆಸರು ಅದರಲ್ಲಿಲ್ಲ. ಅವರು ಕಚೇರಿಗೆ ಹೋಗಿ, ಅರ್ಜಿ ಹಾಕಿದ್ದೆವು, ಸ್ವೀಕೃತವಾಯಿತೆಂದು ಬಂದಿತ್ತು ಎನ್ನುತ್ತಾರೆ. ಗುಮಾಸ್ತರು ಗಣಕದಲ್ಲಿ ನೋಡಿ, ನಿಮ್ಮ ಹೆಸರೇ ಇಲ್ಲ, ಹಾಕಿದ್ದರೆ ಇರುತ್ತಿರಲಿಲ್ಲವೇ ಎನ್ನುತ್ತಾರೆ. ಇಬ್ಬರ ಮಾತೂ ಪ್ರಾಮಾಣಿಕವಾದುದು. ಆದರೆ ಯಂತ್ರದ ಮಾತಿಗೆ ಎದುರಾಗಿ ಹುಡುಗಿಯೊಬ್ಬಳ ಮಾತು ನಿಂತಾಗ ಯಾರನ್ನು ನಂಬುತ್ತಾರೆಂಬುದನ್ನು ಹೇಳಬೇಕಾಗಿಲ್ಲ. ಆ ವರ್ಷದ ಶುಲ್ಕ, ಬಸ್ಸಿನ ಪಾಸು, ಹಾಸ್ಟೆಲಿನ ಊಟ ಎಲ್ಲವೂ ಆ ಖಾಲಿ ಸಾಲಿನ ಮೇಲೆ ನಿಂತಿವೆ.

ಪ್ರೋಗ್ರಾಂ ಬರೆದವನನ್ನು ಕರೆಸಿದರೆ ಆತ ಏನು ಮಾಡಬೇಕು? ಮೊದಲು ತನ್ನದೇ ಪರದೆಯ ಮಾತನ್ನು ನಂಬುವುದನ್ನು ಬಿಡಬೇಕು. 'ಸ್ವೀಕೃತವಾಗಿದೆ' ಎಂಬ ವಾಕ್ಯ ಯಾವ ಆಧಾರದಿಂದ ಹೊರಟಿತೆಂದು ಹಿಂದಕ್ಕೆ ಹೋಗಿ ನೋಡಬೇಕು. ಎರಡನೆಯದಾಗಿ ಎಣಿಸಬೇಕು. ಜಾಲತಾಣದ ಸರ್ವರ್ ತನ್ನ ಬಾಗಿಲಿಗೆ ಬಂದ ಪ್ರತಿಯೊಂದು ಕೋರಿಕೆಯನ್ನೂ ಲಾಗ್ ಎಂಬ ದಿನಚರಿಯಲ್ಲಿ ಸಮಯಸಮೇತ ಬರೆದಿಡುವುದು ವಾಡಿಕೆ. ಆ ಅವಧಿಯಲ್ಲಿ ಬಂದ ಅರ್ಜಿಗಳೆಷ್ಟು, ಡೇಟಾಬೇಸಿನಲ್ಲಿರುವ ಸಾಲುಗಳೆಷ್ಟು ಎಂದು ತಾಳೆನೋಡಿದರೆ ಅಂತರ ಕಾಣುತ್ತದೆ. ಆದರೆ ದಿನಚರಿಯಲ್ಲಿ ಪ್ರತಿಯೊಂದರ ಮುಂದೆಯೂ 200 ಎಂಬ ಸಂಖ್ಯೆಯಿರುತ್ತದೆ. ಜಾಲದ ಸಂಕೇತದಲ್ಲಿ 200 ಎಂದರೆ ಸುಸೂತ್ರ, 500 ಎಂದರೆ ಸರ್ವರಿನೊಳಗೆ ತಪ್ಪಾಯಿತೆಂದು ಅರ್ಥ. ಅಪವಾದವನ್ನು ನುಂಗಿದುದರಿಂದ 500 ಆಗಬೇಕಾದುದು 200 ಆಗಿದೆ. ದಿನಚರಿಯೂ ತಿಳಿಯದೆ ಸುಳ್ಳುಸಾಕ್ಷಿ ಹೇಳಿದೆ. ಅದರಿಂದ 500ಗಳನ್ನು ಮಾತ್ರ ಹುಡುಕುವವನಿಗೆ ಇಲ್ಲಿ ಏನೂ ಸಿಗದು.

ಮೂರನೆಯದು, ಕಾಣೆಯಾದವರಲ್ಲಿ ಸಮಾನವಾದುದೇನೆಂದು ಕೇಳುವುದು. ನಮ್ಮ ಕಲ್ಪಿತ ಕಾಲೇಜಿನಲ್ಲಿ ಬಾದಾಮಿ ಮತ್ತು ಇಳಕಲ್ ತಾಲೂಕಿನವರ ಅರ್ಜಿಗಳೆಲ್ಲ ಬಂದಿವೆ. ಹುನಗುಂದ, ಬಾಗಲಕೋಟೆಯವರವು ಬಂದಿಲ್ಲ. ಇದೇನು, ಯಂತ್ರಕ್ಕೂ ತಾಲೂಕಿನ ಪಕ್ಷಪಾತವೇ? ಇನ್ನಷ್ಟು ಗೊಂದಲವೆಂದರೆ ಹುನಗುಂದದವರಲ್ಲೂ ಕೆಲವರದು ಬಂದಿದೆ. ವಿಚಾರಿಸಿದರೆ ಅವರು ಊರಿನ ಹೆಸರನ್ನು ಇಂಗ್ಲಿಷಿನಲ್ಲಿ ಬರೆದವರು.

ಇಲ್ಲಿ ಕನ್ನಡ ಲಿಪಿಯನ್ನು ಗಣಕ ಹೇಗೆ ಇಟ್ಟುಕೊಳ್ಳುತ್ತದೆಂಬುದನ್ನು ತಿಳಿಯಬೇಕು. ಯೂನಿಕೋಡ್ ಪದ್ಧತಿಯಲ್ಲಿ ವ್ಯಂಜನಕ್ಕೊಂದು, ಸ್ವರಚಿಹ್ನೆಗೊಂದು, ಅನುಸ್ವಾರಕ್ಕೊಂದು, ವಿರಾಮಕ್ಕೊಂದು ಎಂದು ಬೇರೆಬೇರೆ ಸಂಕೇತಗಳಿವೆ. ಜಾಲದಲ್ಲಿ ಹೆಚ್ಚಾಗಿ ಬಳಸುವ ಯುಟಿಎಫ್-8 ರೂಪದಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ 1 ಬೈಟು ಸಾಕು. ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟು ಬೇಕು. ಇಳಕಲ್ ಎಂಬಲ್ಲಿ ಸಂಕೇತಗಳು 5, ಬೈಟು 15. ಬಾದಾಮಿಯಲ್ಲಿ ಸಂಕೇತಗಳು 6, ಬೈಟು 18. ಹುನಗುಂದದಲ್ಲಿ 7, ಬೈಟು 21. ಬಾಗಲಕೋಟೆಯಲ್ಲಿ 8, ಬೈಟು 24. ಕಣ್ಣಿಗೆ ಇಳಕಲ್ ಸಹ ನಾಲ್ಕಕ್ಷರ, ಹುನಗುಂದವೂ ನಾಲ್ಕಕ್ಷರ, ಯಂತ್ರಕ್ಕೆ ಹಾಗಲ್ಲ. ತಾಲೂಕಿನ ಅಂಕಣಕ್ಕೆ 20 ಬೈಟಿನ ಜಾಗ ಇಟ್ಟಿದ್ದರೆ ಮೊದಲಿನ ಎರಡು ಊರು ಒಳಗೆ ಹಿಡಿಯುತ್ತವೆ, ಮುಂದಿನ ಎರಡು ಹೊರಗೆ ಉಳಿಯುತ್ತವೆ. ಇಂಗ್ಲಿಷಿನಲ್ಲಿ ಬರೆದ ಹುನಗುಂದಕ್ಕೆ 7 ಬೈಟು ಸಾಕು. ಪ್ರೋಗ್ರಾಂ ಬರೆದವನು ಇಂಗ್ಲಿಷಿನಲ್ಲಿ ಊರ ಹೆಸರು ಹೊಡೆದು ಪರೀಕ್ಷಿಸಿ, 20 ಧಾರಾಳವಾಯಿತೆಂದು ತೃಪ್ತಿಪಟ್ಟಿರಬೇಕು.

ಗಮನಿಸಬೇಕಾದುದು, ಡೇಟಾಬೇಸು ಈ ವಿಷಯದಲ್ಲಿ ಮೌನವಾಗಿರಲಿಲ್ಲ. ಆರಾಕಲ್ ಡೇಟಾಬೇಸು ಅಂಕಣದ ಉದ್ದವನ್ನು, ಬೇರೆ ಹೇಳದಿದ್ದರೆ, ಬೈಟುಗಳಲ್ಲೇ ಅಳೆಯುತ್ತದೆ. ಮೀರಿದರೆ ಓಆರ್‌ಎ-12899 ಎಂಬ ಸಂಖ್ಯೆಯ ಅಪವಾದವನ್ನು ಎಸೆಯುತ್ತದೆ. ಆ ಚೀಟಿಯಲ್ಲಿ ಅಂಕಣದ ಹೆಸರು, ಬಂದ ಉದ್ದ 21, ಗರಿಷ್ಠ ಉದ್ದ 20 ಎಂಬ ಮೂರೂ ಸಂಗತಿಗಳಿರುತ್ತವೆ. ಅಂದರೆ ನಾವು ಇಷ್ಟು ಹೊತ್ತು ಬೆವರು ಸುರಿಸಿ ಪತ್ತೆಹಚ್ಚಿದ ಉತ್ತರ ಮೊದಲ ದಿನ, ಮೊದಲ ವಿದ್ಯಾರ್ಥಿಯ ಅರ್ಜಿಯೊಡನೆಯೇ ಪ್ರೋಗ್ರಾಮಿನ ಕೈಗೆ ಬಂದಿತ್ತು. ಖಾಲಿ ಸಾಲು ಅದನ್ನು ಓದದೆ ಹರಿದೊಗೆಯಿತು. ಇನ್ನು ಕೆಲವು ಡೇಟಾಬೇಸುಗಳು ತಾವೇ ನುಂಗುತ್ತಿದ್ದುದೂ ಉಂಟು. ಮೈಎಸ್‌ಕ್ಯೂಎಲ್ ಎಂಬುದು ಉದ್ದ ಮೀರಿದ ಪಠ್ಯದ ಬಾಲವನ್ನು ಕತ್ತರಿಸಿ ಉಳಿದುದನ್ನು ಇಟ್ಟುಕೊಂಡು, ಯಾರೂ ಕೇಳದ ಹೊರತು ಕಾಣದ ಒಂದು ಎಚ್ಚರಿಕೆಯನ್ನಷ್ಟೇ ಕೊಡುತ್ತಿತ್ತು. 2015ರಲ್ಲಿ ಬಂದ 5.7ನೆಯ ಆವೃತ್ತಿಯಿಂದ, ನಾವಾಗಿ ಸಡಿಲಿಸದಿದ್ದರೆ, ಅದು ಅಂಥ ಬರಹವನ್ನು ನಿರಾಕರಿಸುತ್ತದೆ.

ಇಷ್ಟೆಲ್ಲ ಊಹೆಯಿಲ್ಲದೆ ನೇರವಾಗಿ ಹಿಡಿಯುವ ಉಪಾಯವೂ ಇದೆ. ಡಿಬಗ್ಗರ್ ಎಂಬ ಶೋಧಕ ಉಪಕರಣಗಳಲ್ಲಿ, ಅಪವಾದವು ಎಸೆಯಲ್ಪಟ್ಟ ಕ್ಷಣದಲ್ಲೇ, ಅದನ್ನು ಯಾರಾದರೂ ಹಿಡಿಯುವಂತಿದ್ದರೂ ಸರಿ, ಪ್ರೋಗ್ರಾಮನ್ನು ನಿಲ್ಲಿಸುವ ಆಯ್ಕೆಯಿರುತ್ತದೆ. ಅದನ್ನು ಹಚ್ಚಿ ಹುನಗುಂದ ಎಂದು ಬರೆದು ಒಂದು ಅರ್ಜಿ ಕಳಿಸಿದರೆ ಸಾಕು, ನುಂಗುವ ಮೊದಲೇ ತಪ್ಪು ಬಾಯಲ್ಲಿ ಸಿಕ್ಕಿಬೀಳುತ್ತದೆ. ನಡೆಯುತ್ತಿರುವ ಜಾಲತಾಣದಲ್ಲಿ ಇದು ಸಾಧ್ಯವಿಲ್ಲವಾದರೆ ಖಾಲಿ ಸಾಲಿನಲ್ಲಿ ಅಪವಾದವನ್ನು ದಿನಚರಿಗೆ ಬರೆಯುವ ಒಂದು ಆಜ್ಞೆಯನ್ನಾದರೂ ಸೇರಿಸಬೇಕು. ಬರೆಯುವಾಗ 'ಏನೋ ತಪ್ಪಾಯಿತು' ಎಂದಷ್ಟೇ ಬರೆದರೆ ಅರ್ಧ ನುಂಗಿದಂತೆ. ಯಾವ ಸಾಲಿನಲ್ಲಿ, ಯಾರು ಯಾರನ್ನು ಕರೆದಾಗ, ಯಾವ ಮೂಲಕಾರಣದಿಂದ ಎಂಬ ಪೂರ್ಣ ಪರಂಪರೆ ದಿನಚರಿಯಲ್ಲಿ ಇಳಿಯಬೇಕು. ಒಂದು ಅಪವಾದವನ್ನು ಹಿಡಿದು ಇನ್ನೊಂದನ್ನು ಎಸೆಯುವಾಗಲೂ ಹಳೆಯದನ್ನು ಹೊಸದರ ಜೊತೆಗೆ ಕಟ್ಟಿ ಕಳಿಸಬೇಕು. ಅರ್ಜಿದಾರರ ಆಧಾರ್ ಸಂಖ್ಯೆಯಂಥವು ಮಾತ್ರ ದಿನಚರಿಗೆ ಬೀಳಬಾರದು.

ನುಂಗುವ ದಾರಿಗಳು ಖಾಲಿ ಕ್ಯಾಚಿನಷ್ಟು ಬಯಲಾಗಿ ಎಲ್ಲೆಡೆಯೂ ಕಾಣುವುದಿಲ್ಲ. ಕೊನೆಯಲ್ಲಿ ನಡೆಯಲೇಬೇಕಾದ ಕೆಲಸಕ್ಕೆಂದಿರುವ ಫೈನಲಿ ಭಾಗದಲ್ಲಿ ರಿಟರ್ನ್ ಎಂದು ಬರೆದರೆ ಜಾವಾ, ಜಾವಾಸ್ಕ್ರಿಪ್ಟ್, ಪೈಥಾನ್ ಮೂರರಲ್ಲೂ ಬರುತ್ತಿದ್ದ ಅಪವಾದ ಅಲ್ಲಿಗೇ ಮಾಯ. ಹಿನ್ನೆಲೆಯಲ್ಲಿ ನಡೆಯುವಂತೆ ಕಳಿಸಿಬಿಟ್ಟ ಕೆಲಸವೂ ಹಾಗೆಯೇ. ಅದು ಸೋತ ಸುದ್ದಿಯನ್ನು ಕೇಳಲು ಅಲ್ಲಿ ಯಾರೂ ಕಾದಿರುವುದಿಲ್ಲ. ನೋಡ್ ಎಂಬ ಜಾವಾಸ್ಕ್ರಿಪ್ಟ್ ಪರಿಸರವು ಇಂಥ ಸೋಲುಗಳಿಗೆ ಬಹುಕಾಲ ಬರಿಯ ಎಚ್ಚರಿಕೆ ಕೊಟ್ಟು ಸುಮ್ಮನಾಗುತ್ತಿತ್ತು. 2020ರ 15ನೆಯ ಆವೃತ್ತಿಯಿಂದ ಪ್ರೋಗ್ರಾಮನ್ನೇ ನಿಲ್ಲಿಸುವುದು ಅದರ ಸಹಜ ನಡೆಯಾಗಿದೆ. ಪಟ್ಟಿ ಬಿದ್ದರೆ ಮಗ್ಗ ನಿಲ್ಲಲಿ ಎಂಬ ನಿರ್ಣಯಕ್ಕೆ ಅದೂ ಬಂದಿತು.

ಎಲ್ಲಕ್ಕಿಂತ ಮೋಸದ ದಾರಿ, ತಪ್ಪಾದಾಗ ಒಂದು ಬದಲಿ ಬೆಲೆಯನ್ನು ತುಂಬುವುದು. ಕರ್ನಾಟಕದಲ್ಲಿ ಗ್ರಾಮ ಪಂಚಾಯತಿಯ ಮಟ್ಟದಲ್ಲೂ ದೂರಸಂವೇದಿ ಮಳೆಮಾಪಕಗಳಿವೆ. ಅವು ಅಳತೆಯನ್ನು ತಾವಾಗಿ ಕಳಿಸುತ್ತವೆ. ಅಂಥ ಒಂದು ಮಾಪಕದಿಂದ ಅಳತೆ ಬರದೆ ಹೋದಾಗ, ಅದನ್ನು ಓದುವ ಪ್ರೋಗ್ರಾಂ ಅಪವಾದವನ್ನು ನುಂಗಿ 0 ಎಂದು ಬರೆದುಕೊಂಡಿತೆನ್ನಿ. ಹೀಗೆ ನಡೆದಿದೆಯೆಂದು ಇಲ್ಲಿ ಹೇಳುತ್ತಿಲ್ಲ. ಬರೆದರೆ ಏನಾದೀತೆಂದು ನೋಡುತ್ತಿದ್ದೇವೆ. ಹುನಗುಂದದ ಕಡೆ 0 ಎಂಬುದು ವರ್ಷದ ಬಹುದಿನಗಳಲ್ಲಿ ನಿಜವಾದ ಅಳತೆಯೇ. ಆದುದರಿಂದ ಸುಳ್ಳು ಸೊನ್ನೆಯನ್ನು ಯಾರೂ ಸಂಶಯಿಸರು. 'ಮಳೆಯಿಲ್ಲ' ಎಂಬುದೂ 'ಅಳತೆಯಿಲ್ಲ' ಎಂಬುದೂ ಒಂದೇ ಗುರುತಿನಲ್ಲಿ ಸೇರಿಹೋದ ಮೇಲೆ ಬೇರ್ಪಡಿಸುವ ಉಪಾಯವಿಲ್ಲ. ಬರವನ್ನೂ ಬೆಳೆಹಾನಿಯನ್ನೂ ನಿರ್ಣಯಿಸುವವರು ಇಂಥ ಅಂಕಿಗಳನ್ನೇ ನೋಡುವುದು.

ಇತಿಹಾಸದ ವಿದ್ಯಾರ್ಥಿಗಳಿಗೆ ಇದರ ಸರಿಯಾದ ಪದ್ಧತಿ ಗೊತ್ತಿದೆ. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನವನ್ನು ಜೆ. ಎಫ್. ಫ್ಲೀಟ್ 1881ರಲ್ಲಿ ಪ್ರಕಟಿಸಿದಂದಿನಿಂದ ನಮ್ಮ ಸೀಮೆಯ ಎಷ್ಟೋ ಶಾಸನಗಳು ಅಚ್ಚಾಗಿವೆ. ಶಾಸನ ಸಂಪಾದಕರು ಕಲ್ಲಿನಲ್ಲಿ ಅಳಿಸಿಹೋದ ಅಕ್ಷರದ ಜಾಗದಲ್ಲಿ ಚುಕ್ಕೆಗಳನ್ನಿಡುತ್ತಾರೆ. ತಾವು ಊಹಿಸಿ ತುಂಬಿದುದನ್ನು ಆವರಣದೊಳಗೆ ಹಾಕುತ್ತಾರೆ. ಓದಿದುದಾವುದು, ಊಹಿಸಿದುದಾವುದು ಎಂಬುದು ಮುಂದೆ ಓದುವವನಿಗೂ ತಿಳಿಯುತ್ತದೆ. ಡೇಟಾಬೇಸಿನಲ್ಲಿ ಈ ಚುಕ್ಕೆಗಳ ಕೆಲಸಕ್ಕೆ ನಲ್ ಎಂಬ ಗುರುತಿದೆ. ಅದಿರುವಾಗ ಸೊನ್ನೆ ಬರೆಯುವುದೇಕೆ?

ನುಂಗಿದ ತಪ್ಪಿನ ಹೊರೆ ಯಾರ ಮೇಲೆ ಬೀಳುತ್ತದೆಂಬುದಕ್ಕೆ ಬ್ರಿಟನ್ನಿನ ಅಂಚೆ ಸಂಸ್ಥೆಯ ಪ್ರಕರಣವನ್ನು ನೋಡಬೇಕು. 1999ರಿಂದ ಅಲ್ಲಿನ ಅಂಚೆ ಕಚೇರಿಗಳಲ್ಲಿ ಹೊರೈಜನ್ ಎಂಬ ಲೆಕ್ಕದ ವ್ಯವಸ್ಥೆ ಜಾರಿಗೆ ಬಂದಿತು. ಅದರಲ್ಲಿನ ದೋಷಗಳು ಹಲವು ಬಗೆಯವು. ಎಲ್ಲವನ್ನೂ ನಮ್ಮ ಖಾಲಿ ಸಾಲಿನ ಖಾತೆಗೆ ಬರೆಯಲಾಗದು. ಸ್ಕಾಟ್ಲೆಂಡಿನ ಕ್ಯಾಲೆಂಡರ್ ಸ್ಕ್ವೇರ್ ಕಚೇರಿಯಲ್ಲಿ 2005ರಲ್ಲಿ ಕಂಡುಬಂದ ದೋಷವಂತೂ ನಮ್ಮ ವಿಷಯಕ್ಕೆ ತೀರ ಹತ್ತಿರ. ಒಂದು ಯಂತ್ರದಲ್ಲಿ ನಡೆದ ವ್ಯವಹಾರ ಪಕ್ಕದ ಯಂತ್ರಕ್ಕೆ ಕಾಣಲಿಲ್ಲ, ಲೆಕ್ಕ ತಪ್ಪಿತು. ತೊಡಕಿನ ಗುರುತುಗಳು ವ್ಯವಸ್ಥೆಯ ಒಳದಿನಚರಿಯಲ್ಲಿ ಬಿದ್ದಿದ್ದವು, ಆದರೆ ಕಿಟಕಿಯ ಬಳಿ ಕುಳಿತ ಅಂಚೆಯವನಿಗೆ ಅವು ತೋರಲಿಲ್ಲ. ಇಂಥ ಲೆಕ್ಕಗಳನ್ನೇ ನೆಚ್ಚಿ 1999ರಿಂದ 2015ರ ಅವಧಿಯಲ್ಲಿ 900ಕ್ಕೂ ಹೆಚ್ಚು ಜನರಿಗೆ ಕಳವು, ಸುಳ್ಳು ಲೆಕ್ಕ ಮುಂತಾದ ಅಪರಾಧಗಳಿಗಾಗಿ ಶಿಕ್ಷೆಯಾಯಿತು. ಕೆಲವರು ಜೈಲಿಗೆ ಹೋದರು, ಅನೇಕರು ಮನೆಮಾರು ಕಳೆದುಕೊಂಡರು. 2019ರ ಡಿಸೆಂಬರಿನಲ್ಲಿ ನ್ಯಾಯಾಲಯವು ವ್ಯವಸ್ಥೆಯ ದೋಷಗಳನ್ನು ಎತ್ತಿಹಿಡಿದು ತೀರ್ಪಿತ್ತಿತು. 2024ರಲ್ಲಿ ಅಲ್ಲಿನ ಪಾರ್ಲಿಮೆಂಟು ಒಂದು ಕಾಯಿದೆಯನ್ನೇ ಮಾಡಿ ಆ ಶಿಕ್ಷೆಗಳಲ್ಲಿ ಅನೇಕವನ್ನು ಒಟ್ಟಾಗಿ ರದ್ದುಗೊಳಿಸಬೇಕಾಯಿತು.

ಹಾಗಾದರೆ ಯಾವ ಅಪವಾದವನ್ನೂ ನುಂಗಲೇಬಾರದೆ? ಅಷ್ಟು ಕಟ್ಟುನಿಟ್ಟೂ ಸರಿಯಲ್ಲ. ಪುಟದ ಮೂಲೆಯಲ್ಲಿರುವ ಅಲಂಕಾರದ ಚಿತ್ರ ಬರದಿದ್ದರೆ ಅರ್ಜಿಯನ್ನು ತಡೆಯುವುದು ಮೂರ್ಖತನ. ಇಂಥಲ್ಲಿ ಇಂಥದೇ ತಪ್ಪನ್ನು ಬಿಡುತ್ತಿದ್ದೇನೆ, ಇಂಥ ಕಾರಣಕ್ಕೆ, ಎಂದು ಪಕ್ಕದಲ್ಲಿ ಟಿಪ್ಪಣಿ ಬರೆದು ಬಿಡಬಹುದು. 'ಯಾವ ತಪ್ಪಾದರೂ ಸರಿ' ಎಂದು ಬಲೆಯನ್ನು ಅಗಲವಾಗಿ ಬೀಸುವುದೇ ಅಪಾಯ. ಅದರಲ್ಲಿ ಚಿತ್ರವೂ ಸಿಗುತ್ತದೆ, ವಿದ್ಯಾರ್ಥಿವೇತನವೂ ಸಿಗುತ್ತದೆ. ತಾನು ಸರಿಪಡಿಸಬಲ್ಲ ಅಪವಾದವನ್ನು ಮಾತ್ರ ಹಿಡಿದು, ಉಳಿದುದನ್ನು ಮೇಲಕ್ಕೆ ಬಿಟ್ಟರೆ, ಕೊನೆಯ ಮೆಟ್ಟಿಲಿನಲ್ಲಿ ಒಂದೇ ಕಡೆ ಅದನ್ನು ಹಿಡಿದು ವಿವರವನ್ನು ದಿನಚರಿಗೂ, 'ಅರ್ಜಿ ದಾಖಲಾಗಲಿಲ್ಲ. ಈ ಸಂಖ್ಯೆಯನ್ನು ಕಚೇರಿಗೆ ತಿಳಿಸಿರಿ' ಎಂಬ ಸರಳ ವಾಕ್ಯವನ್ನು ಅರ್ಜಿದಾರನಿಗೂ ಕೊಡಬಹುದು. ಒಳಗಿನ ವಿವರವನ್ನೆಲ್ಲ ಪರದೆಯ ಮೇಲೆ ಸುರಿಯುವುದು ಬೇಡ. ಅದು ವಿದ್ಯಾರ್ಥಿಗೆ ನಿರುಪಯೋಗಿ, ಕಳ್ಳನಿಗೆ ಉಪಯೋಗಿ.

ನಮ್ಮ ಕಲ್ಪಿತ ಕಾಲೇಜಿನ ಪ್ರೋಗ್ರಾಮಿನಲ್ಲಿ ಆಗಬೇಕಾದ ರಿಪೇರಿ ದೊಡ್ಡದೇನಲ್ಲ. ಸ್ವೀಕೃತಿಯ ವಾಕ್ಯವನ್ನು, ಅರ್ಜಿ ದಾಖಲಾದ ಮೇಲೆ ಮಾತ್ರ ನಡೆಯುವಂತೆ, ಮೊದಲ ಸಾಲಿನ ಬೆನ್ನಿಗೆ ಸರಿಸಬೇಕು. ಅಂಕಣದ ಉದ್ದವನ್ನು ಬೈಟಿನಲ್ಲಿ ಹೇಳದೆ ಸಂಕೇತಗಳ ಲೆಕ್ಕದಲ್ಲಿ ಹೇಳಬೇಕು. ಆರಾಕಲ್ ಅದಕ್ಕೆ ಅವಕಾಶ ಕೊಡುತ್ತದೆ. ಕಳೆದುಹೋದ ಅರ್ಜಿಗಳು ಮಾತ್ರ ಹಿಂದಿರುಗಿ ಬರುವುದಿಲ್ಲ. ಸರ್ವರಿನ ದಿನಚರಿಯಲ್ಲಿ ಕೋರಿಕೆ ಬಂದ ಸಮಯವಿರುತ್ತದೆ, ಸಾಮಾನ್ಯವಾಗಿ ಅರ್ಜಿಯೊಳಗೆ ಬರೆದುದು ಇರುವುದಿಲ್ಲ. ಆದುದರಿಂದ ಆ ಅವಧಿಯಲ್ಲಿ ಅರ್ಜಿ ಹಾಕಿದವರೆಲ್ಲ ಮತ್ತೆ ಬರಬೇಕೆಂದು ಸೂಚನಾಫಲಕದಲ್ಲಿ ಹಚ್ಚಿ, ಕಡೆಯ ದಿನಾಂಕವನ್ನು ಮುಂದಕ್ಕೆ ಹಾಕಿ, ದಿನಚರಿಯ ಸಮಯವನ್ನು ವಿದ್ಯಾರ್ಥಿಯ ಮಾತಿಗೆ ಸಾಕ್ಷಿಯಾಗಿ ಒಪ್ಪಿಕೊಳ್ಳಬೇಕು. ಹೊಸ ಅರ್ಜಿಗಳನ್ನು ತೆಗೆದುಕೊಳ್ಳುವ ಮೊದಲು ಜಿಲ್ಲೆಯ ತಾಲೂಕುಗಳ ಹೆಸರನ್ನೆಲ್ಲ ಕನ್ನಡದಲ್ಲಿ ಒಂದೊಂದಾಗಿ ಬರೆದು ಕಳಿಸಿ, ಡೇಟಾಬೇಸನ್ನು ತೆರೆದು, ಬಂದಿವೆಯೇ ಎಂದು ಕಣ್ಣಾರೆ ನೋಡಬೇಕು. ಗುಳೇದಗುಡ್ಡದಿಂದ ಆರಂಭಿಸುವುದು ಒಳ್ಳೆಯದು. ಅದಕ್ಕೆ 30 ಬೈಟು ಬೇಕು.